ಸೆರಗಿನ ಹಿಂಬದಿ

ನಮ್ಮ ಅತ್ತೆ ಯಾವ ಕಸೂತಿಯನ್ನಾದರೂ ಮೊದಲು ತಿರುವಿ ಹಾಕಿ ನೋಡುವವರು. ಮದುವೆಯಾಗಿ ಧಾರವಾಡದ ಮನೆಗೆ ಹೋದ ಮೊದಲ ವಾರವೇ ನಾನು ತವರಿನಿಂದ ತಂದಿದ್ದ ದಿಂಬಿನ ಚೀಲವನ್ನು ಕೈಗೆತ್ತಿಕೊಂಡರು. ಮೇಲಿನ ಹೂವು, ಬಳ್ಳಿ, ನವಿಲು ಯಾವುದರ ಕಡೆಗೂ ಕಣ್ಣು ಹಾಯಿಸದೆ ಒಳಗಿನದನ್ನು ಹೊರಗೆ ಮಾಡಿ ತೋರುಬೆರಳನ್ನು ಅದರ ಮೇಲೆ ನಿಧಾನವಾಗಿ ಎಳೆದರು. ಬೆರಳಿಗೆ ಗಂಟುಗಳು ಸಿಕ್ಕವು. ಒಂದೊಂದನ್ನೇ ಎಣಿಸಿ, ಹದಿನಾಲ್ಕಕ್ಕೆ ಬೇಸತ್ತು ನಿಲ್ಲಿಸಿ, "ಮಾರಿ ಛಂದ ಐತಿ. ಬೆನ್ನು ಮಾತ್ರ ನೋಡಾಕ ಆಗೂದಿಲ್ಲವಾ" ಎಂದರು. ಮನೆ ತುಂಬ ನೆಂಟರಿದ್ದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಮ್ಮ ಕಡೆಯ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವಂತೆಯೂ ಇಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ, ಒಂದು ಹೊಲಿಗೆ ಹಾಕಿ, ಅಷ್ಟೇ ಜಾಗ ಬಿಟ್ಟು, ಮತ್ತೊಂದು ಹಾಕುತ್ತ ಮುಂದೆ ಹೋಗಬೇಕು. ಸಾಲು ಮುಗಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗಿ ಬರುತ್ತ ಬಿಟ್ಟ ಜಾಗಗಳನ್ನೆಲ್ಲ ತುಂಬಬೇಕು. ಲೆಕ್ಕ ತಪ್ಪದಿದ್ದರೆ ಸೂಜಿ ಹೊರಟ ಜಾಗಕ್ಕೇ ಬಂದು ಮುಟ್ಟುತ್ತದೆ, ಬಟ್ಟೆ ಮುಂದೂ ಹಿಂದೂ ಒಂದೇ ತರಹ ಕಾಣುತ್ತದೆ. ಇದಕ್ಕೆ ಗವಂತಿ ಎನ್ನುತ್ತಾರೆ. ಹೋಗುವ ಸಾಲು ಹಾಕಿ, ಬರುವ ಸಾಲು ಹಾಕದೆ ಎದ್ದು ಹೋಗುವುದು ನಮ್ಮ ಅತ್ತೆಯ ಮನೆಯಲ್ಲಿ ನಿಷಿದ್ಧ. ಬಾಗಿಲಲ್ಲಿ ಯಾರೇ ಬಂದು ನಿಂತರೂ ಸಾಲು ತುಂಬಿಯೇ ಅವರು ಸೂಜಿ ಕೆಳಗಿಡುತ್ತಿದ್ದರು.

ನಾನೋ ಹುಟ್ಟು ಗಂಟಿನವಳು. ಮುಂಬೈಗೆ ಬಂದ ಮೇಲೆ ಇಪ್ಪತ್ತು ವರ್ಷ ಅಂಧೇರಿಯ ಒಂದು ಕಾರ್ಖಾನೆಯಲ್ಲಿ ಸೀರಿಯಲ್ಲಿನ ಸೊಸೆಯರ ಲೆಹೆಂಗಾಗಳಿಗೆ ಹರಳು, ಜರಿ, ಮಣಿ ಹೊಲಿದಿದ್ದೇನೆ. ಅಲ್ಲಿ ಬೆನ್ನು ನೋಡಲು ಯಾರಿಗೂ ಪುರಸೊತ್ತಿಲ್ಲ. ಗಂಟು ಹಾಕು, ಕತ್ತರಿಸು, ಮೇಲೊಂದು ಅಸ್ತರು ಹೊಲಿದು ಮುಚ್ಚು, ಮುಂದಿನದಕ್ಕೆ ಹೋಗು. ಕ್ಯಾಮೆರಾ ಎದುರಿಗೆ ಮಿಂಚಿದರೆ ಆಯಿತು. ನನಗೆ ಆ ಕೆಲಸ ಇಷ್ಟವಿತ್ತು ಎಂದು ಹೇಳಲು ಯಾಕೆ ನಾಚಬೇಕು? ನನ್ನ ಕೈ ಚುರುಕು, ಅಲ್ಲಿ ಚುರುಕಿಗೆ ಬೆಲೆ ಇತ್ತು.

ಮಾವ ತೀರಿಕೊಂಡ ಮೇಲೆ ಅತ್ತೆ ಆಂಟಾಪ್ ಹಿಲ್‌ನ ನಮ್ಮ ಮನೆಗೆ ಬಂದರು. ಒಂದು ಹಾಲ್, ಒಂದು ಅಡುಗೆಮನೆ, ಒಂದು ಒಳಕೋಣೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲದ ಬಿಲ್ಡಿಂಗ್. ಒಳಕೋಣೆ ಅವರದಾಯಿತು. ಜೊತೆಗೆ ತಂದದ್ದು ಒಂದು ಟ್ರಂಕು, ಅದರ ತಳದಲ್ಲಿ ಒಂದು ಚಂದ್ರಕಾಳಿ ಸೀರೆ. ಮದುಮಗಳಿಗೆಂದು ಕಸೂತಿ ಹಾಕಿ ಕೊಡುವ ಕಪ್ಪು ರೇಷ್ಮೆ ಸೀರೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ನನ್ನ ಮಗಳು ಹುಟ್ಟಿದ ವರ್ಷ, ಅವಳ ಮದುವೆಗೆಂದು ಅತ್ತೆ ಅದನ್ನು ಹಿಡಿದಿದ್ದರಂತೆ. ಒಡಲಿನ ಕೆಲಸ ಮುಗಿದಿತ್ತು, ಸೆರಗು ಉಳಿದಿತ್ತು. ಸೆರಗಿನಲ್ಲಿ ಕೆಂಪು ಗೋಪುರಗಳು, ಹಸಿರು ತುಳಸಿಕಟ್ಟೆಗಳು, ಅಂಚಿನುದ್ದಕ್ಕೆ ಬಿಳಿ ಹಂಸಗಳ ಒಂದು ಸಾಲು. ಮಗಳಿಗೆ ಆಗ ಹದಿನೈದು. "ಕಾಲಾ ಸಾಡೀನಲ್ಲಿ ಶಾದಿ? ನೋ ವೇ ಅಜ್ಜಿ" ಎಂದಳು. ಅತ್ತೆಗೆ ಮೊಮ್ಮಗಳ ಮಾತು ಅರ್ಧ ತಿಳಿಯುತ್ತಿರಲಿಲ್ಲ, ಉಳಿದರ್ಧ ತಿಳಿದರೂ ತಿಳಿಯದವರ ಹಾಗೆ ಇರುತ್ತಿದ್ದರು.

ನಾಲ್ಕು ವರ್ಷ ಅವರು ಒಳಕೋಣೆಯ ಕಿಟಕಿಯ ಪಕ್ಕ ಕೂತು ಹೊಲಿದರು. ಕಿಟಕಿಗೆ ಎದುರಿನ ಬಿಲ್ಡಿಂಗಿನ ಗೋಡೆ ಅಡ್ಡ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಮಾತ್ರ ಬಿಸಿಲು ಬರುತ್ತಿತ್ತು, ಅಷ್ಟು ಹೊತ್ತು ಮಾತ್ರ ಅವರ ಕಣ್ಣಿಗೆ ಎಳೆ ಕಾಣುತ್ತಿತ್ತು. ದಿನಕ್ಕೆ ಒಂದು ಬೆರಳಗಲ ಮುಂದೆ ಹೋದರೆ ಹೆಚ್ಚು. ಮೆಟ್ಟಿಲು ಇಳಿಯಲಾಗದ ಮಂಡಿ, ಹಿಂದಿ ಮರಾಠಿ ಬಾರದ ಬಾಯಿ. ಲಾಕ್‌ಡೌನ್ ಬಂದು ಊರಿಗೆ ಊರೇ ಮನೆಯೊಳಗೆ ಕೂತಾಗ, "ಈಗ ಎಲ್ಲಾರೂ ನನ್ನಂಗ ಆದ್ರು ನೋಡು" ಎಂದು ನಕ್ಕಿದ್ದರು. ನಮ್ಮ ನಡುವೆ ಜಗಳವೇನೂ ಇರಲಿಲ್ಲ. ಆದರೆ ಆಪ್ತತೆಯೂ ಇರಲಿಲ್ಲ. ಹೊತ್ತು ಹೊತ್ತಿಗೆ ತಟ್ಟೆ ಇಡುತ್ತಿದ್ದೆ, ಮಾತ್ರೆ ಕೊಡುತ್ತಿದ್ದೆ, ನನ್ನ ಹೊಲಿಗೆಯನ್ನು ಅವರ ಕಣ್ಣಿಗೆ ಬೀಳದ ಹಾಗೆ ಇಟ್ಟುಕೊಳ್ಳುತ್ತಿದ್ದೆ.

ಕೊರೋನಾದ ಎರಡನೆಯ ಅಲೆಯ ಹೊತ್ತಿಗೆ ಅವರಿಗೆ ಜ್ವರ ಬಂತು. ಮೂರನೆಯ ದಿನ ರಿಪೋರ್ಟು ಬಂತು, ಅವರಿಗೆ ಪಾಸಿಟಿವ್, ನನಗೂ ಮಗಳಿಗೂ ಇಲ್ಲ. ನನ್ನ ಗಂಡ ರೈಲ್ವೆಯವರು, ಆ ತಿಂಗಳು ಡ್ಯೂಟಿಯ ಮೇಲೆ ಮುಂಬೈಯಿಂದ ದೂರದ ಕ್ವಾರ್ಟರ್ಸಿನಲ್ಲಿದ್ದರು. "ಬರಬ್ಯಾಡ್ರಿ, ಬಂದ್ರ ನೀವೂ ಒಳಗ ಕೂಡಬೇಕಾಗ್ತೈತಿ" ಎಂದು ಫೋನಿನಲ್ಲಿ ನಾನೇ ತಡೆದೆ. ಬಾಗಿಲಿಗೆ ಕಾಗದ ಅಂಟಿಸಿದರು. ಹದಿನೇಳು ದಿನ ಯಾರೂ ಹೊರಗೆ ಹೋಗುವಂತಿಲ್ಲ. ಬಚ್ಚಲಿಗೆ ಹೊರತು ರೋಗಿ ಒಳಕೋಣೆ ಬಿಟ್ಟು ಬರುವಂತಿಲ್ಲ. ಮೆಟ್ಟಿಲಲ್ಲಿ ಎದುರಾಗುತ್ತಿದ್ದವರು ನಮ್ಮ ಬಾಗಿಲು ಬಂದಾಗ ಗೋಡೆಗೆ ಅಂಟಿಕೊಂಡು ಹತ್ತುತ್ತಿದ್ದುದನ್ನು ಬಾಗಿಲಿನ ಕಣ್ಣಿನಿಂದ ನೋಡುತ್ತಿದ್ದೆ. ಅವರನ್ನು ಬಯ್ದುಕೊಳ್ಳುತ್ತಿದ್ದೆ. ಒಳಗೆ ನಾನು ಮಾಡುತ್ತಿದ್ದುದೂ ಅದನ್ನೇ.

ಒಳಕೋಣೆಯ ಹೊಸ್ತಿಲಲ್ಲಿ ಒಂದು ಸ್ಟೂಲ್ ಇಟ್ಟೆ. ತಟ್ಟೆ ಅದರ ಮೇಲಿಟ್ಟು, ಬಾಗಿಲು ತಟ್ಟಿ, ಹಾಲಿನ ಆ ತುದಿಗೆ ಓಡುತ್ತಿದ್ದೆ. ಅವರು ತೆಗೆದುಕೊಂಡು ಬಾಗಿಲು ಹಾಕಿದ ಮೇಲೆ ಸ್ಟೂಲಿಗೆ ಕ್ರಿಮಿನಾಶಕ ದ್ರಾವಣ ಹಚ್ಚುತ್ತಿದ್ದೆ. ಅವರು ಬಚ್ಚಲಿಗೆ ಹೋಗಿ ಬಂದರೆ ನಲ್ಲಿ, ಚಿಲಕ, ಮಗ್ಗು ಎಲ್ಲವನ್ನೂ ತಿಕ್ಕುತ್ತಿದ್ದೆ. ಮಗಳಿಗೆ ಚಿಕ್ಕಂದಿನಿಂದ ಉಬ್ಬಸ ಇತ್ತು, ಅವಳಿಗೆ ತಗುಲಿದರೆ ಕಷ್ಟ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ನನ್ನ ಜೀವದ ಭಯವೇ ಅದಕ್ಕಿಂತ ದೊಡ್ಡದಾಗಿತ್ತು.

ಕೆಳಗಿನ ಮಹಡಿಯ ಉಡುಪಿ ಕಡೆಯ ಅಮ್ಮ ಒಬ್ಬರೇ ನಮಗೆ ಆಸರೆ. ಅವರ ಗಂಡ ಮಾಟುಂಗಾದಲ್ಲಿ ಹೋಟೆಲಿನ ಕ್ಯಾಪ್ಟನ್ ಆಗಿದ್ದವರು, ಆಗ ಹೋಟೆಲ್ ಮುಚ್ಚಿ ಮನೆಯಲ್ಲೇ ಇದ್ದರು. ದಿನಾ ಬೆಳಿಗ್ಗೆ ಬಾಗಿಲ ಹಿಡಿಕೆಗೆ ಹಾಲು, ತರಕಾರಿ, ಕೆಲವೊಮ್ಮೆ ಬಿಸಿ ಇಡ್ಲಿಯ ಡಬ್ಬಿ ತೂಗುಹಾಕಿ, ಮೆಟ್ಟಿಲಿನಿಂದಲೇ ಕೂಗುತ್ತಿದ್ದರು: "ಅಜ್ಜಿಗೆ ಗಂಜಿ ಕೊಡಿ ಮಾರಾಯ್ರೆ, ಎಂತ ಬೇಕಾದ್ರೂ ಹೇಳಿ, ಸಂಕೋಚ ಮಾಡ್ಬೇಡಿ ಆಯ್ತಾ?" ಅವರು ಕೂಗಿದ ಒಂದು ಮಾತಿನ ಬಲದ ಮೇಲೆ ಆ ದಿನ ಕಳೆಯುತ್ತಿತ್ತು.

ಬಾಗಿಲಿಗೆ ಕಾಗದ ಬಿದ್ದ ಎರಡನೆಯ ದಿನ ಸ್ಟೂಲಿನ ಮೇಲೆ ಖಾಲಿ ತಟ್ಟೆಯ ಬದಲು ಮಡಿಸಿದ ಚಂದ್ರಕಾಳಿ ಸೀರೆ ಇತ್ತು. ಒಳಗಿನಿಂದ ಅತ್ತೆ ಕೆಮ್ಮುತ್ತ ಹೇಳಿದರು, "ಜ್ವರ ಬಂದ ದಿನ ಹಂಸದ ಕುತ್ತಿಗಿ ಹಾಕ್ಲಿಕ್ಕೆ ಹತ್ತಿದ್ದೆ. ಹೋಗೂ ಸಾಲು ಹಾಕೀನಿ. ಬರೂ ಸಾಲು ಹಂಗ ಉಳದೈತಿ. ಕೈ ನಡಗತಾವು, ಎಳಿ ಕಾಣವಲ್ದು. ನೀ ತುಂಬವಾ."

ನನ್ನನ್ನು ಅವರು ಕಸೂತಿಗೆ ಕರೆದದ್ದು ಅದೇ ಮೊದಲು. ಇಪ್ಪತ್ತೆರಡು ವರ್ಷದಲ್ಲಿ ಅವರ ಹೊಲಿಗೆಯ ಮೇಲೆ ನನ್ನ ಸೂಜಿ ಬಿದ್ದಿರಲಿಲ್ಲ. "ಹೂಂ ಅತ್ತಿ, ತುಂಬ್ತೀನಿ" ಎಂದೆ. ದೂರದಿಂದಲೇ ಆ ಸೀರೆ ನೋಡಿದೆ. ಮೂರು ದಿನ ಅವರ ಜ್ವರದ ಹಾಸಿಗೆಯ ಮೇಲೆ ಬಿದ್ದಿದ್ದ ಸೀರೆ. ಅವರು ಅದರ ಮೇಲೆ ಕೆಮ್ಮಿರಬೇಕು, ಅದನ್ನು ತಲೆಯಡಿಗೆ ಇಟ್ಟುಕೊಂಡಿರಬೇಕು. ಇಕ್ಕಳದಿಂದ ಎತ್ತಿ ಬಕೆಟಿಗೆ ಹಾಕಿದೆ. ಹೊಗೆಯಾಡುವ ಬಿಸಿನೀರು ಸುರಿದೆ, ಮೇಲೆ ಎರಡು ಮುಚ್ಚಳ ದ್ರಾವಣ.

ನಾನು ಹೊಲಿಗೆಯವಳು. ರೇಷ್ಮೆಯ ಮೇಲೆ ಬಿಸಿನೀರು ಬಿದ್ದರೆ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲವೆಂದು ಯಾರೂ ಹೇಳಲಾರರು. ಕಾರ್ಖಾನೆಯ ನೈಲಾನ್ ದಾರ ಕುದಿಸಿದರೂ ಬಣ್ಣ ಬಿಡುವುದಿಲ್ಲ, ಅದು ರೂಢಿಯಾಗಿತ್ತು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದೂ ನೆಪವೇ. ಆ ಕ್ಷಣ ನನಗೆ ಬಣ್ಣ ಹೋಗುತ್ತದೆ ಎಂದು ಗೊತ್ತಿತ್ತು, ಗೊತ್ತಿದ್ದೂ ಸುರಿದೆ. ಹೆದರಿದಾಗ ನಾನು ಎಂಥವಳು ಎಂಬುದು ಆ ಬಕೆಟಿನಲ್ಲಿ ಕಂಡಿತು.

ಅರ್ಧ ಗಂಟೆ ಬಿಟ್ಟು ನೋಡಿದರೆ ನೀರು ಕುಂಕುಮ ಕದಡಿದ ಹಾಗಿತ್ತು. ಕೆಂಪು ಗೋಪುರಗಳ ಬಣ್ಣವೆಲ್ಲ ಬಿಟ್ಟಿತ್ತು. ಕಪ್ಪು ಬಟ್ಟೆಯ ಮೇಲೆ ಕೆಂಪು ಕಲೆ ಕಾಣುವುದಿಲ್ಲ, ಆದರೆ ಅಂಚಿನ ಬಿಳಿ ಹಂಸಗಳು ಕುಡಿದುಬಿಟ್ಟಿದ್ದವು. ಹನ್ನೊಂದು ಹಂಸ, ಹನ್ನೊಂದೂ ಗುಲಾಬಿ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ, ಮೈಗೆ ತೊನ್ನು ಬಂದ ಹಾಗೆ. ಮಗಳು ಬಚ್ಚಲ ಬಾಗಿಲಿಗೆ ಬಂದು ನಿಂತಳು. "ಅಮ್ಮಾ, ಯೇ ತೋ ಪಿಂಕ್ ಹೋ ಗಯಾ! ಅಜ್ಜಿ ನಿನಗೆ ಹೊಡೀತಾರೆ" ಎಂದಳು. ನಾನು ಬಾಯಿಗೆ ಬೆರಳಿಟ್ಟು ಸುಮ್ಮನಿರು ಎಂದೆ.

ಸಂಜೆ ಒಳಗಿನಿಂದ ಕೇಳಿದರು, "ತುಂಬಿದೇನ?"

"ತುಂಬಿದೆ ಅತ್ತಿ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು!

"ಗಂಟು ಹಾಕಿಲ್ಲಲ್ಲ?"

"ಇಲ್ರೀ."

"ಕೊಡು ಹಂಗಾರ, ಕೈ ಆಡಸ್ತೀನಿ."

"ಹೊರಗ ಬಂದ ಸಾಮಾನು ಒಳಗ ಕೊಡಂಗಿಲ್ಲ ಅಂದಾರ್ರಿ. ಹದಿನೇಳು ದಿವಸ ಆಗ್ಲಿ" ಎಂದೆ. ಹಾಗೆ ಯಾರೂ ಅಂದಿರಲಿಲ್ಲ. ಆ ದಿನಗಳಲ್ಲಿ ಯಾವ ನಿಯಮ ಹೇಳಿದರೂ ಜನ ನಂಬುತ್ತಿದ್ದರು, ನಾನು ಒಂದು ನಿಯಮ ಹುಟ್ಟಿಸಿದೆ. "ಆತು ಬಿಡವಾ" ಎಂದರು.

ಅವತ್ತೇ ತೀರ್ಮಾನಿಸಿದೆ. ಹದಿನೇಳನೆಯ ದಿನ ಅವರು ಹೊರಗೆ ಬರುವ ಹೊತ್ತಿಗೆ ಹನ್ನೊಂದು ಹಂಸಗಳನ್ನೂ ಬಿಚ್ಚಿ ಹೊಸ ಬಿಳಿ ದಾರದಲ್ಲಿ ಹಾಕಿ ಮುಗಿಸಬೇಕು. ಇಲ್ಲವೇ ಬಾಗಿಲ ಮುಂದೆ ನಿಂತು ನಿಜ ಹೇಳಿಬಿಡಬೇಕು. ಎರಡರಲ್ಲಿ ಒಂದು ಆಗಲೇಬೇಕಿತ್ತು. ನಿಜ ಹೇಳುವುದಕ್ಕೆ ಅರ್ಧ ನಿಮಿಷ ಸಾಕು, ಹಂಸ ಹಾಕುವುದಕ್ಕೆ ಹದಿನಾಲ್ಕು ದಿನ ಬೇಕು. ನಾನು ಹಂಸ ಹಾಕಲು ಕೂತೆ.

ಬಿಚ್ಚುವುದು ಸುಲಭವಲ್ಲ ಅಂದುಕೊಂಡಿದ್ದೆ. ಆದರೆ ಅತ್ತೆಯ ದಾರ ಬಂದ ರೀತಿ ನೋಡಿ ಕೈ ನಿಂತಿತು. ಗಂಟೇ ಇಲ್ಲವಲ್ಲ! ತುದಿ ಸಿಕ್ಕ ಮೇಲೆ ಸೂಜಿಯ ಮೊನೆಯಿಂದ ಎತ್ತುತ್ತ ಹೋದರೆ ಎಲ್ಲೂ ಎಡವದೆ ಪೂರ್ತಿ ಹಂಸ ಒಂದೇ ಎಳೆಯಾಗಿ ಕೈಗೆ ಬಂತು. ಬಿಚ್ಚುತ್ತ ಬಿಚ್ಚುತ್ತ ಅವರು ಹೋದ ದಾರಿ ನನಗೆ ತಿಳಿಯಿತು. ಯಾವಾಗಲೂ ಕಾಲಿನಿಂದ ಶುರು. ಬೆನ್ನು ಹತ್ತಿ, ಕುತ್ತಿಗೆ ಸುತ್ತಿ, ಕೊಕ್ಕಿನವರೆಗೆ ಹೋಗಿ, ಎದೆಯ ಕಡೆಯಿಂದ ಇಳಿಯುತ್ತಿದ್ದರು. ಕಣ್ಣಿಗೆ ಅಂತ ಬೇರೆ ಹೊಲಿಗೆಯಿಲ್ಲ, ಹೋಗುವಾಗ ಒಂದು, ಬರುವಾಗ ಒಂದು, ಅವೆರಡೂ ಅಡ್ಡ ಬಂದ ಜಾಗವೇ ಕಣ್ಣು. ಇಪ್ಪತ್ತೆರಡು ವರ್ಷ ಸೊಸೆಯಾಗಿದ್ದೂ ತಿಳಿಯದ ಹೆಂಗಸು ಆ ಒಂದು ವಾರದಲ್ಲಿ ನನಗೆ ಸ್ವಲ್ಪ ತಿಳಿದಳು. ಏಕವಚನಕ್ಕೆ ಕ್ಷಮೆ ಇರಲಿ, ಆ ಹೊತ್ತಿಗೆ ಅವರು ನನಗೆ ಅತ್ತೆಯಾಗಿ ಕಾಣುತ್ತಿರಲಿಲ್ಲ.

ನಾಲ್ಕನೆಯ ಹಂಸದಲ್ಲಿ ಸೂಜಿ ಎಡವಿತು. ರೆಕ್ಕೆಯ ಅಡಿಗೆ, ಬೆರಳಿಗೂ ಸಿಗದಷ್ಟು ಚಿಕ್ಕದಾಗಿ, ಒಂದು ಗಂಟು. ಅತ್ತೆಯ ಗಂಟು! ನಾನು ಜೋರಾಗಿ ನಕ್ಕುಬಿಟ್ಟೆ. ಯಾವ ದಿನ, ಏನಾಗಿ, ಯಾಕೆ ಹಾಕಿದರೋ. ದಾರ ಹರಿದಿತ್ತೋ, ಬೇಜಾರು ಬಂದಿತ್ತೋ. ಓಡಿ ಹೋಗಿ ಬಾಗಿಲಿಗೆ ಬಾಯಿ ಹಚ್ಚಿ "ಅತ್ತೀ, ಸಿಕ್ಕಿ ಬಿದ್ದಿರಿ" ಎಂದು ಕಾಡಿಸಬೇಕು ಅನ್ನಿಸಿತು. ಅವರು ಖಂಡಿತ ನಗುತ್ತಿದ್ದರು. ಆದರೆ ಹಂಸ ಬಿಚ್ಚಿದ್ದು ಹೇಳದೆ ಗಂಟು ಸಿಕ್ಕಿದ್ದು ಹೇಗೆ ಹೇಳಲಿ? ನಮ್ಮಿಬ್ಬರಿಗೆ ಜೀವಮಾನದಲ್ಲಿ ಒಟ್ಟಿಗೆ ನಗಲು ಸಿಕ್ಕ ಒಂದೇ ಒಂದು ವಿಷಯವನ್ನು ನಾನು ಒಬ್ಬಳೇ ನಕ್ಕು ಮುಗಿಸಿದೆ.

ಹೊಸದಾಗಿ ಹಾಕುವುದು ಬಿಚ್ಚಿದಷ್ಟು ಸುಲಭವಾಗಲಿಲ್ಲ. ಬಿಸಿನೀರಿಗೆ ರೇಷ್ಮೆ ಮುದುರಿ ಎಳೆಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. ನನ್ನ ಕಣ್ಣಿಗೂ ವಯಸ್ಸಾಗಿತ್ತು. ಮಗಳು ಆನ್‌ಲೈನ್ ಕ್ಲಾಸು ಮುಗಿಸಿ ನನ್ನ ಪಕ್ಕ ಕೂತು ಫೋನಿನ ಬೆಳಕು ಹಿಡಿದು ಎಣಿಸುತ್ತಿದ್ದಳು. "ಏಕ್, ದೋ, ಮೂರು, ನಾಲ್ಕು... ಅಮ್ಮಾ ಐದರ ನಂತರ ಅಜ್ಜಿ ಏನು ಮಾಡ್ತಾರೆ, ರಿಟರ್ನ್?" ಅವಳಿಗೆ ಅದು ಆಟದ ಹಾಗಿತ್ತು. ಒಂದು ಎಳೆ ತಪ್ಪಿದರೆ ಹತ್ತು ಹೊಲಿಗೆ ಆದ ಮೇಲೆ ಗೊತ್ತಾಗುತ್ತಿತ್ತು. ಬರುವ ಸಾಲು ಹೋದ ಸಾಲಿಗೆ ಕೂಡುತ್ತಿರಲಿಲ್ಲ. ಬಿಚ್ಚಬೇಕು, ಮತ್ತೆ ಹಾಕಬೇಕು. ಮೊದಲ ಮೂರು ಹಂಸ ಗಂಟಿಲ್ಲದೆ ಹಾಕಿದೆ. ನಾಲ್ಕನೆಯದರಿಂದ ಸಮಯ ಸಾಲದೆ ಗಂಟು ಹಾಕತೊಡಗಿದೆ. ಮುಂದಿನಿಂದ ನೋಡಿದರೆ ಹಂಸಗಳೇ, ಹಿಂದಿನಿಂದ ನೋಡಿದರೆ ನಾನು.

ಒಳಗಿನ ಕೆಮ್ಮು ದಿನದಿಂದ ದಿನಕ್ಕೆ ಆಳಕ್ಕೆ ಹೋಗುತ್ತಿತ್ತು. ಆಕ್ಸಿಜನ್ ನೋಡಲು ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರ ಕೊಟ್ಟಿದ್ದೆವು. ಅಂಕಿ ಓದಲು ಅತ್ತೆಗೆ ಬರುತ್ತಿತ್ತು. ಬೆಳಿಗ್ಗೆ ಸಂಜೆ ಬಾಗಿಲಿನಾಚೆಯಿಂದ ಕೂಗಿ ಹೇಳುತ್ತಿದ್ದರು. ತೊಂಬತ್ತಾರು ಇದ್ದದ್ದು ತೊಂಬತ್ನಾಲ್ಕಾಯಿತು, ಎರಡು ದಿನ ಅಲ್ಲೇ ನಿಂತಿತು. ಗಂಡ ದಿನಾ ಸಂಜೆ ಫೋನ್ ಮಾಡಿ "ಅವ್ವ ಹೆಂಗದಾಳ?" ಎಂದರೆ "ಪರವಾಗಿಲ್ಲ, ಗಂಜಿ ಕುಡಿದ್ರು" ಎನ್ನುತ್ತಿದ್ದೆ. ಅವರು ಗಂಜಿ ಕುಡಿದರೋ ಇಲ್ಲವೋ ನಾನು ನೋಡುತ್ತಿರಲಿಲ್ಲ. ತಟ್ಟೆ ಖಾಲಿ ಬರುತ್ತಿತ್ತು. ಎಷ್ಟೋ ದಿನ ಅವರು ಅದನ್ನು ಬಚ್ಚಲಿಗೆ ಚೆಲ್ಲಿದ್ದರು ಎಂದು ಆಮೇಲೆ ಜಾಲರಿಯಲ್ಲಿ ಸಿಕ್ಕ ಅನ್ನದ ಅಗುಳಿನಿಂದ ತಿಳಿಯಿತು. ಚೆಲ್ಲಿದ್ದು ಯಾಕೆಂದರೆ ಖಾಲಿಯಾಗದ ತಟ್ಟೆ ನೋಡಿದರೆ ನಾನು ಗಾಬರಿಯಾಗುತ್ತೇನೆ ಎಂದು.

ಎರಡು ಸಲ ನಾನು ಹೇಳಬೇಕೆಂದು ಬಾಗಿಲವರೆಗೆ ಹೋದೆ. ಒಂದು ಸಲ ಅವರು ನಿದ್ದೆಯಲ್ಲಿದ್ದರು, ಹಾಗಂದುಕೊಂಡು ಹಿಂದಿರುಗಿದೆ. ಇನ್ನೊಂದು ಸಲ "ಅತ್ತೀ" ಎಂದೆ. "ಯಾಕವಾ?" ಎಂದರು. ದನಿ ತೀರ ಮೆತ್ತಗಾಗಿತ್ತು. "ಚಹಾ ಬೇಕೇನ್ರಿ?" ಎಂದು ಕೇಳಿಬಿಟ್ಟೆ. "ಬ್ಯಾಡ. ಬಾಯಿಗೆ ಏನೂ ರುಚಿ ಇಲ್ಲ, ಮೂಗಿಗೆ ವಾಸನಿ ಇಲ್ಲ" ಎಂದರು. ಆಮೇಲೆ, "ನೀ ಉಂಡೇನ?" ಎಂದರು. ನನ್ನ ಹೊಲಿಗೆಯ ಬೆನ್ನು ಬಿಟ್ಟು ನನ್ನ ಬಗ್ಗೆ ಅವರು ಕೇಳಿದ ಪ್ರಶ್ನೆ ಎಂದು ನನಗೆ ನೆನಪಿರುವುದು ಅದೊಂದೇ.

ಹನ್ನೊಂದನೆಯ ದಿನ ಬೆಳಿಗ್ಗೆ ಅವರು ಅಂಕಿ ಕೂಗಲಿಲ್ಲ. ನಾನೂ ಮಗಳೂ ಬಾಗಿಲು ತಟ್ಟಿದೆವು. ಸುಮಾರು ಹೊತ್ತಿನ ಮೇಲೆ "ಎಂಬತ್ತೇಳು" ಎಂದರು. ಕೆಳಗಿನ ಉಡುಪಿಯ ಅಮ್ಮ ಎಲ್ಲೆಲ್ಲಿಗೋ ಫೋನ್ ಮಾಡಿ, ಮಧ್ಯಾಹ್ನ ಎರಡರ ಹೊತ್ತಿಗೆ ಆಂಬುಲೆನ್ಸ್ ಬಂತು. ಮೈತುಂಬ ಬಿಳಿ ಪ್ಲಾಸ್ಟಿಕ್ ತೊಟ್ಟ ಇಬ್ಬರು ಒಂದು ಕುರ್ಚಿ ಹೊತ್ತು ಮೆಟ್ಟಿಲು ಹತ್ತಿ ಬಂದರು. ಮಗಳನ್ನು ಅಡುಗೆಮನೆಗೆ ಕಳಿಸಿ ಬಾಗಿಲು ಹಾಕಿಸಿದೆ. ನಾನು ಕೈಗೆ ಗ್ಲೋವ್ಸ್ ಹಾಕಿಕೊಂಡು ಹಾಲಿನ ಆ ತುದಿಯಲ್ಲಿ, ಟಿವಿಯ ಪಕ್ಕ ಗೋಡೆಗೆ ಬೆನ್ನು ಹಚ್ಚಿ ನಿಂತೆ.

ಹನ್ನೊಂದು ದಿನದ ಮೇಲೆ ಅತ್ತೆಯನ್ನು ಸರಿಯಾಗಿ ನೋಡಿದೆ. ಮನುಷ್ಯರು ಅಷ್ಟು ಬೇಗ ಅಷ್ಟು ಸಣ್ಣಗಾಗುತ್ತಾರೆಂದು ನನಗೆ ಗೊತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಬಿಗಿದರು, ಮೂಗಿಗೆ ಆಕ್ಸಿಜನ್ ಹಚ್ಚಿದರು. ಬಾಗಿಲು ದಾಟುವ ಮೊದಲು ಅವರು ತಲೆ ತಿರುಗಿಸಿ ನನ್ನ ಕಡೆ ನೋಡಿದರು. ಬಲಗೈ ಎತ್ತಿ ನನ್ನತ್ತ ಚಾಚಿದರು, ಅಂಗೈ ಮೇಲೆ ಮಾಡಿ.

ನನಗೆ ಒಂದೇ ಹೊಳೆಯಿತು: ಸೆರಗು ಕೇಳುತ್ತಿದ್ದಾರೆ. ಸೋಫಾದ ಮೇಲೆ ಹರವಿದ್ದ ಸೀರೆಯನ್ನು ಬಾಚಿಕೊಂಡೆ. ಎರಡೂ ಕೈಯಿಂದ ಸೆರಗನ್ನು ಅಗಲವಾಗಿ ಹಿಡಿದು, ಮುಖದ ಮಟ್ಟಕ್ಕೆ ಎತ್ತಿ, "ನೋಡ್ರಿ ಅತ್ತಿ, ಆಗೇತಿ, ಎಲ್ಲಾ ತುಂಬೀನಿ" ಎಂದೆ. ಎರಡು ಹಂಸ ಇನ್ನೂ ಬಾಕಿ ಇದ್ದವು, ಆ ಜಾಗವನ್ನು ನನ್ನ ಮುಷ್ಟಿಯಲ್ಲಿ ಮಡಿಚಿ ಹಿಡಿದಿದ್ದೆ. ಸೆರಗಿನ ಆಚೆಗೆ ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಪಕ್ಕದಿಂದ ಆ ಕೈ ಮಾತ್ರ ಕಾಣುತ್ತಿತ್ತು. ಇನ್ನೂ ಚಾಚಿಯೇ ಇತ್ತು. ಈಗ ತಿರುವಿ ಹಾಕು ಎನ್ನುತ್ತಾರೆ, ಹತ್ತಿರ ತಾ ಎನ್ನುತ್ತಾರೆ, ಬೆರಳು ಎಳೆಯುತ್ತಾರೆ ಎಂದು ಕಾದೆ. ರೋಗದ ಭಯ ಆ ಕ್ಷಣ ನನಗೆ ಇರಲಿಲ್ಲ. ಆ ಬೆರಳಿನ ಭಯವಿತ್ತು.

"ಛಂದ ಆಗೇತಿ" ಎಂದರು. ತಿರುವಿ ಹಾಕು ಎನ್ನಲಿಲ್ಲ. ಬಿಳಿ ಪ್ಲಾಸ್ಟಿಕಿನವರು "ಚಲೋ ಆಜೀ" ಎಂದು ಕುರ್ಚಿ ಎತ್ತಿದರು. ನಾನು ಉಸಿರು ಬಿಟ್ಟೆ. ಬದುಕಿದೆ ಅನ್ನಿಸಿತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಗೋಡೆಗೆ ತಾಗಿದ ಸದ್ದು ಕೇಳಿತು, ಆಮೇಲೆ ಕೆಳಗಿನ ಅಮ್ಮ ಅಳುತ್ತ "ಹುಷಾರಾಗಿ ಬನ್ನಿ ಅಜ್ಜಿ" ಎಂದದ್ದು ಕೇಳಿತು.

ಆಸ್ಪತ್ರೆ ಸೇರಿದ ಐದನೆಯ ದಿನ ವಾರ್ಡಿನಿಂದ ಫೋನ್ ಬಂತು. ದೇಹ ಮನೆಗೆ ಬರಲಿಲ್ಲ. ಗಂಡ ಹೇಗೋ ರಜೆ ಹಾಕಿ ಬಂದು ದೂರ ನಿಂತು ನೋಡಿದರಂತೆ, ಮುಚ್ಚಿದ ಚೀಲ. ನಾನೂ ಮಗಳೂ ಅಂಟಿಸಿದ ಕಾಗದದ ಒಳಗೇ ಇದ್ದೆವು. ಅತ್ತೆಯ ಹಾಸಿಗೆ, ದಿಂಬು, ಹೊದಿಕೆ ಎಲ್ಲವನ್ನೂ ಹಳದಿ ಚೀಲಕ್ಕೆ ಹಾಕಿ ಕೊಟ್ಟೆ. ಸೀರೆಯನ್ನು ಕೊಡಲಿಲ್ಲ. ಉಳಿದ ಎರಡು ಹಂಸಗಳನ್ನು ಹಾಕಲೂ ಇಲ್ಲ.

ಆಮೇಲೆ ಒಂದು ವರ್ಷ ನಾನು ಎಲ್ಲರಂತೆ ಬದುಕಿದೆ. ಲೋಕಲ್ ರೈಲು ಶುರುವಾಯಿತು, ಕುರ್ಲಾದಲ್ಲಿ ಮೊದಲಿನ ಹಾಗೆಯೇ ಜನ ಮೈಮೇಲೆ ಬಿದ್ದರು, ಅಂಧೇರಿಯಲ್ಲಿ ಲೆಹೆಂಗಾಗಳು ಬಂದು ಬಿದ್ದವು. ಗಂಟು ಹಾಕುವಾಗ ಕೆಲವೊಮ್ಮೆ ಕೈ ತಡೆಯುತ್ತಿತ್ತು. ಅತ್ತೆಗೆ ಮೋಸ ಮಾಡಿದೆ ಎಂಬ ಚಿಂತೆ ಇತ್ತು. ಆದರೆ ಅದರೊಳಗೇ ಒಂದು ಸಮಾಧಾನವೂ ಇತ್ತು: ಅವರಿಗೆ ತಿಳಿಯಲಿಲ್ಲ, ಸೆರಗು ಚೆನ್ನಾಗಿ ಮುಗಿದಿದೆ ಎಂದುಕೊಂಡೇ ಹೋದರು. ಆ ಸಮಾಧಾನವನ್ನು ಹಿಡಿದುಕೊಂಡು ನಾನು ನಿದ್ದೆ ಮಾಡುತ್ತಿದ್ದೆ.

ವರ್ಷಾಂತಿಕ ಮುಗಿದ ಮರುದಿನ, ಭಾನುವಾರ, ಊಟವಾದ ಮೇಲೆ ಗಂಡನ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ. ಬಿಸಿನೀರು, ಹಂಸಗಳು, ಹುಟ್ಟಿಸಿದ ನಿಯಮ, ಗಂಟುಗಳು. ಅವರು ತಟ್ಟೆಯನ್ನೇ ನೋಡುತ್ತ ಕೂತಿದ್ದರು. "ಕಡೀಕ ಅವರಿಗೆ ಗೊತ್ತಾಗಲಿಲ್ಲ, ಅಷ್ಟ ಪುಣ್ಯ" ಎಂದು ಮುಗಿಸಿದೆ.

ಮಗಳು ಕೈ ತೊಳೆಯಲು ಎದ್ದವಳು ನಿಂತಳು. "ಅಮ್ಮಾ, ಅಜ್ಜಿಗೆ ಪತಾ ಇತ್ತು" ಎಂದಳು.

"ಏನ್ ಗೊತ್ತಿತ್ತು?"

"ಎಲ್ಲಾ. ಪಿಂಕ್ ಆದದ್ದು, ನೀನು ಬಿಚ್ಚಿ ಹಾಕ್ತಾ ಇದ್ದದ್ದು, ಗಂಟು ಕೂಡ. ನಾನೇ ಹೇಳಿದ್ದೆ, ಪಿಂಕ್ ಆದದ್ದು ಸೇಮ್ ಡೇ, ಬಾಕಿ ಆಮೇಲೆ. ನೀನು ಸ್ನಾನಕ್ಕೆ ಹೋದಾಗ ದರ್ವಾಜೆ ಹತ್ತಿರ ಕೂತು ಹೇಳಿದೆ. ಅಜ್ಜಿ ನಕ್ಕರು. 'ನಿಮ್ಮವ್ವಗ ಹೇಳಬ್ಯಾಡ, ಆಕಿ ಭಾಳ ಹೆದರ್ಯಾಳ' ಅಂತ ಬೋಲಿದ್ರು. ಎಣಿಸೋದು ಕೂಡ ಅವರೇ ಸಿಖಾಯಿಸಿದ್ರು ನನಗೆ, ನಿನಗೆ ಹೆಲ್ಪ್ ಆಗ್ಲಿ ಅಂತ." ಅವಳ ಕನ್ನಡ ಅಲ್ಲಿಗೆ ಸೋತು ಉಳಿದದ್ದನ್ನು ಹಿಂದಿಯಲ್ಲಿ ಅತ್ತಳು.

ಸೆರಗು ಹಾಳಾದದ್ದು ಅವರಿಗೆ ಎರಡನೆಯ ದಿನವೇ ಗೊತ್ತಿತ್ತು. ಗಂಟಿನ ವಿಷಯವೂ ಗೊತ್ತಿತ್ತು. ಗೊತ್ತಿದ್ದವರು ಸೆರಗು ನೋಡಲೆಂದು ಕೈ ಚಾಚಿರಲಿಲ್ಲ. ನಾನೇ ಆ ಸೀರೆಯನ್ನು ಪರದೆಯ ಹಾಗೆ ನಮ್ಮಿಬ್ಬರ ನಡುವೆ ಎತ್ತಿ ಹಿಡಿದೆ. ಮನೆ ಬಿಟ್ಟು ಹೋಗುವ ಮುನ್ನ ಯಾರದಾದರೂ ಕೈ ಹಿಡಿದುಕೊಳ್ಳಬೇಕು ಅನ್ನಿಸಿತ್ತು ಅವರಿಗೆ, ಮನೆಯಲ್ಲಿ ಕಣ್ಣಿಗೆ ಕಂಡವಳು ನಾನು ಒಬ್ಬಳೇ. ನಮ್ಮ ಹಾಲ್ ಬಹಳ ದೊಡ್ಡದಲ್ಲ, ಆರು ಹೆಜ್ಜೆ ಆಗುತ್ತದೆ. ಆ ಹೊತ್ತಿಗೆ ನನ್ನ ಎರಡೂ ಕೈಗೆ ಗ್ಲೋವ್ಸ್ ಕೂಡ ಇದ್ದವು.